ಡೆಕ್‌ನ ಫೇಸಿಯಾಗೆ ಹೊಟ್ಟೆ ಬಂದಿದ್ದೇಕೆ? ಬೆಂಗಳೂರಿನ ಒಂದು ತಾರಸಿಯ ಪ್ರಕರಣ

ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ, 30×40 ಸೈಟಿನ ಮನೆ. ಮೊದಲ ಮಹಡಿಯ ಬೆಡ್‌ರೂಮಿನ ಮೇಲೆ ತಾರಸಿ, ಅದರ ಪಕ್ಕಕ್ಕೆ ಒಂದು ಚಿಕ್ಕ ರೂಮು. ಆ ರೂಮಿನ ಬಾಗಿಲು ತೆಗೆದರೆ ಕಾಲಿಡುವ ಜಾಗದಲ್ಲಿ 16 ಅಡಿ ಉದ್ದ, 11 ಅಡಿ ಅಗಲದ ಕಾಂಪೋಸಿಟ್ ಡೆಕ್ ಹಾಕಿಸಿದ್ದರು, ಅಂದರೆ ಕಬ್ಬಿಣದ ಫ್ರೇಮಿನ ಮೇಲೆ ಮರದ ಹಾಗೆ ಕಾಣುವ ಹಲಗೆ ಕೂರಿಸಿ ಎತ್ತರಿಸಿದ ನೆಲ. ಮನೆಯವರು ನಿವೃತ್ತ ದಂಪತಿ. ಅವರ ಹೆಸರು, ಮೊದಲು ಕೆಲಸ ಮಾಡಿದವರ ಹೆಸರು, ಬೋರ್ಡಿನ ಕಂಪನಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ನಾನು ಸೈಟ್ ಸೂಪರ್‌ವೈಸರ್. ಮೊದಲ ಕೆಲಸ ಕೆಟ್ಟು, ಅದರ ರಿಪೇರಿಯೂ ಕೆಟ್ಟ ಮೇಲೆ ನನ್ನನ್ನು ಕರೆದರು.

ಡೆಕ್ ಅಂದ ಕೂಡಲೇ ಎಲ್ಲರೂ ಮೇಲಿನ ಹಲಗೆ ನೋಡುತ್ತಾರೆ. ಆದರೆ ಕೆಲಸ ನೀಟಾಗಿದೆಯೋ ಇಲ್ಲವೋ ಅಂತ ಕಣ್ಣಿಗೆ ಹೊಡೆಯುವುದು ಅಂಚಿನಲ್ಲಿ. ಡೆಕ್‌ನ ಪಕ್ಕದಲ್ಲಿ ಕಬ್ಬಿಣದ ಫ್ರೇಮು, ಹಲಗೆಗಳ ಕೊಯ್ದ ತುದಿ ಕಾಣದ ಹಾಗೆ ನಿಲ್ಲಿಸುವ ಪಟ್ಟಿಯೇ ಫೇಸಿಯಾ. ನಮ್ಮ ಕಡೆ ಕೆಲಸದವರು ಸೈಡ್ ಪಟ್ಟಿ ಅಂತಲೂ, ಸ್ಕರ್ಟಿಂಗ್ ಅಂತಲೂ ಕರೆಯುತ್ತಾರೆ. ಈ ಪ್ರಕರಣ ಪೂರ್ತಿ ಆ ಪಟ್ಟಿಯದ್ದೇ.

ಇದ್ದ ಸ್ಥಿತಿ

ಡೆಕ್‌ನ ಹಿಂಭಾಗ ಪ್ಯಾರಾಪಿಟ್ ಗೋಡೆಗೆ ತಾಗಿತ್ತು. ಎಡಕ್ಕೆ ರೂಮಿನ ಗೋಡೆ. ಹೊರಗೆ ಕಾಣುವುದು ಎರಡೇ ಬದಿ: ಮುಂಭಾಗದ 16 ಅಡಿ, ಬಲಗಡೆಯ 11 ಅಡಿ. ಹಲಗೆಗಳು ಹಿಂದಿನಿಂದ ಮುಂದಕ್ಕೆ ಓಡುತ್ತಿದ್ದವು. ಅಂದರೆ ಎಲ್ಲ ಹಲಗೆಗಳ ತುದಿಯೂ ಮುಂಭಾಗದಲ್ಲೇ ಕಾಣಬೇಕು. ಅವು ಒಳಗೆ ಟೊಳ್ಳಿರುವ ಹಲಗೆಗಳು. ಕೊಯ್ದ ತುದಿಯಲ್ಲಿ ಸಾಲಾಗಿ ತೂತುಗಳು ಕಾಣುತ್ತವೆ, ಹಾಗೇ ಬಿಡಲು ಆಗುವುದಿಲ್ಲ. ಹಾಗಾಗಿ ಮೊದಲ ತಂಡದವರು 12 ಮಿ.ಮೀ. ದಪ್ಪ, 200 ಮಿ.ಮೀ. ಎತ್ತರದ ಫೇಸಿಯಾವನ್ನು ಹಲಗೆಯ ಮೇಲ್ಮೈ ಮಟ್ಟಕ್ಕೇ ಎತ್ತಿ, ಆ ತುದಿಗಳಿಗೆ ಅಂಟಿಸಿ ನಿಲ್ಲಿಸಿದ್ದರು. ಬಲ ಮುಂದಿನ ಮೂಲೆಯಲ್ಲಿ ಎರಡೂ ಪಟ್ಟಿಯನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿದ್ದರು. ಕೆಳಗೆ ಟೈಲ್ಸಿನವರೆಗೆ ಉದ್ದಕ್ಕೂ ಸಿಲಿಕಾನ್ ತುಂಬಿದ್ದರು. ಕೆಲಸ ಮುಗಿದದ್ದು ಜನವರಿಯಲ್ಲಿ. ಆಗ ತೆಗೆದ ಫೋಟೋ ನೋಡಿದೆ. ಸುಳ್ಳು ಹೇಳಬಾರದು, ತುಂಬಾ ಚೆನ್ನಾಗಿತ್ತು. ಎಲ್ಲೂ ಸಂದಿಲ್ಲ, ಒಂದು ಸ್ಕ್ರೂ ಕೂಡ ಕಾಣುವುದಿಲ್ಲ.

ಏಪ್ರಿಲ್‌ನಲ್ಲಿ ಮುಂಭಾಗದ ಪಟ್ಟಿಗೆ ಹೊಟ್ಟೆ ಬಂತು. ನಡುವೆ ಎರಡು ಬೆರಳಷ್ಟು ಹೊರಗೆ ಉಬ್ಬಿತ್ತು. ಮೂಲೆಯ 45 ಡಿಗ್ರಿ ಜಾಯಿಂಟ್ ಬಾಯಿ ಬಿಟ್ಟಿತು. ಮೇ ತಿಂಗಳ ಮಳೆಗೆ ಇನ್ನೊಂದು ತೊಂದರೆ ಶುರುವಾಯಿತು. ತಾರಸಿಯ ಖಾಲಿ ಜಾಗದಲ್ಲಿ ಬಿದ್ದ ನೀರು ಫೇಸಿಯಾ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಕೆಲವು ವಾರ ಕಳೆಯುವಷ್ಟರಲ್ಲಿ ಕೆಳಗಿನ ಬೆಡ್‌ರೂಮಿನ ಸೀಲಿಂಗ್‌ನಲ್ಲಿ ತೇವದ ಕಲೆ ಕಾಣಿಸಿತು.

ಮೊದಲ ತಂಡದವರು ಕರೆದ ತಕ್ಷಣ ಬಂದರು, ಅದನ್ನು ಹೇಳಲೇಬೇಕು. ಉಬ್ಬಿದ ಕಡೆ ಒತ್ತಿ ಹಿಡಿದು ಇನ್ನಷ್ಟು ಸ್ಕ್ರೂ ಹೊಡೆದರು. ಬಾಯಿ ಬಿಟ್ಟ ಮೂಲೆಗೆ ಕಂದು ಬಣ್ಣದ ಸಿಲಿಕಾನ್ ತುಂಬಿದರು. ಕೆಳಗಿನ ಸಿಲಿಕಾನ್ ಇನ್ನೂ ದಪ್ಪ ಮಾಡಿದರು. ಬಿಸಿಲು ಬಂದ ಮೊದಲ ವಾರವೇ ಸ್ಕ್ರೂ ಸುತ್ತ ಬಿರುಕು ಬಿಟ್ಟಿತು. ಹೊಟ್ಟೆ ಒಂದಿದ್ದದ್ದು ಎರಡಾಯಿತು.

ಮೊದಲು ನೀರು, ಆಮೇಲೆ ಅಂದ

ನಾನು ಹೋದಾಗ ಆಗಸ್ಟ್. ಬೆಂಗಳೂರಿನಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಫೇಸಿಯಾ ಹೇಗೆ ಸರಿ ಮಾಡುವುದು ಅಂತ ಯೋಚಿಸುವ ಮೊದಲೇ ಕೆಳಗಿನ ಸಿಲಿಕಾನ್ ಪೂರ್ತಿ ಕೊಯ್ದು ತೆಗೆಸಿದೆ. ಮನೆಯ ಯಜಮಾನರಿಗೆ ಗಾಬರಿ. "ಅಲ್ಲ ಸ್ವಾಮಿ, ಒಳಗೆ ನೀರು ಹೋಗಬಾರದು ಅಂತ ತಾನೇ ಅದನ್ನ ಹಾಕಿದ್ದು?" ಅಂದರು.

ಆ ಪ್ರಶ್ನೆಯಲ್ಲೇ ತಪ್ಪು ತಿಳಿವಳಿಕೆ ಇತ್ತು. ಡೆಕ್ ಕೆಳಗೆ ನೀರು ಹೋಗಲೇಬೇಕು. ಹಲಗೆಗಳ ನಡುವಿನ ಸಂದಿಯಿಂದ ಮಳೆ ನೀರು ಹೇಗೂ ಇಳಿಯುತ್ತದೆ. ಈ ತಾರಸಿಯ ಇಳಿಜಾರು ಸುಮಾರು 100ಕ್ಕೆ 1ರಂತೆ ಹಿಂದಿನ ಬಲ ಮೂಲೆಯ ಕಡೆಗಿತ್ತು. ಮಳೆ ನೀರಿನ ಪೈಪಿನ ಬಾಯಿ ಇದ್ದದ್ದೂ ಅಲ್ಲೇ, ಡೆಕ್‌ನ ಅಡಿಯಲ್ಲಿ. ಖಾಲಿ ಜಾಗದ ನೀರು ಡೆಕ್ ಕೆಳಗೆ ಹಾದೇ ಪೈಪ್ ಸೇರಬೇಕಿತ್ತು. ಸಿಲಿಕಾನ್ ಹಾಕಿದ ಫೇಸಿಯಾ ಅದಕ್ಕೆ ಕಟ್ಟೆಯಾಗಿ ನಿಂತಿತು. ನಿಂತ ನೀರು ಟೈಲ್ಸ್ ಜಾಯಿಂಟಿನಲ್ಲಿ ಇಳಿದು, ವಾಟರ್‌ಪ್ರೂಫಿಂಗ್ ಸಡಿಲವಾಗಿದ್ದ ಒಂದು ಕಡೆ ದಾರಿ ಹುಡುಕಿಕೊಂಡಿತು. ಬೆಡ್‌ರೂಮಿನ ಕಲೆಯ ಜಾಗವನ್ನು ಟೇಪ್ ಹಿಡಿದು ಮೇಲೆ ಗುರುತು ಮಾಡಿದರೆ ಸರಿಯಾಗಿ ಫೇಸಿಯಾ ಮುಂದಿನ ಗೆರೆಗೇ ಬರುತ್ತಿತ್ತು. ಯಜಮಾನರು ಆ ಟೇಪ್ ನೋಡಿದ ಮೇಲೆ ಮತ್ತೆ ಸಿಲಿಕಾನ್ ಮಾತೆತ್ತಲಿಲ್ಲ.

ಸಿಲಿಕಾನ್ ತೆಗೆದ ಸಂಜೆಯೇ ಮಳೆ ಬಂತು. ನೀರು ಸರಾಗವಾಗಿ ಹರಿಯಿತು. ಟೈಲ್ಸ್ ಜಾಯಿಂಟ್ ತೆರೆದು ತುಂಬುವ ಕೆಲಸವನ್ನು ವಾಟರ್‌ಪ್ರೂಫಿಂಗ್‌ನವರು ಪ್ರತ್ಯೇಕವಾಗಿ ಮಾಡಿದರು. ಅದು ಬೇರೆ ಕಥೆ.

ಬಿಚ್ಚಿದಾಗ ಕಂಡದ್ದು

ಫೇಸಿಯಾ ಬಿಚ್ಚಿ ಅದರ ಬೆನ್ನು ತಿರುಗಿಸಿ ನೋಡಿದೆವು. ನಡುವಿನ ಆರೇಳು ಅಡಿ ಉದ್ದಕ್ಕೆ ಹಲಗೆ ತುದಿಗಳ ಅಚ್ಚು ಬಿದ್ದಿತ್ತು. ಟೊಳ್ಳಿನ ಗೋಡೆಗಳು, ಮೇಲಿನ ತುಟಿ, ಕೆಳಗಿನ ತುಟಿ ಎಲ್ಲ ಸ್ಪಷ್ಟವಾಗಿ ಒತ್ತಿಕೊಂಡಿದ್ದವು. ಕೊನೆಗಳಲ್ಲಿ ಅಂಥ ಗುರುತೇ ಇಲ್ಲ.

ಇಲ್ಲಿಗೆ ವಿಷಯ ತಿರುಗಿತು. ಅಲ್ಲಿಯವರೆಗೆ ಎಲ್ಲರೂ, ಮೊದಲ ತಂಡದವರೂ, ಫೇಸಿಯಾ ತಾನಾಗಿಯೇ ಬಾಗಿದೆ ಅಂತಲೇ ಅಂದುಕೊಂಡಿದ್ದರು. "ಮಾಲು ಸರಿ ಇಲ್ಲ" ಅಂತ ಬೋರ್ಡ್ ಮಾರಿದವರ ಮೇಲೆ ಜಗಳ ಕೂಡ ಆಗಿತ್ತು. ಆದರೆ ಅಚ್ಚು ಹೇಳುತ್ತಿದ್ದದ್ದು ಬೇರೆ: ಹಲಗೆಗಳೇ ಹಿಂದಿನಿಂದ ಪಟ್ಟಿಯನ್ನು ತಳ್ಳಿವೆ. ಹಿಂದಕ್ಕೆ ಹೋಗಿ ಪ್ಯಾರಾಪಿಟ್ ಬಳಿ ನೋಡಿದರೆ, ನಡುವಿನ ಹಲಗೆಗಳು ಪ್ಲಾಸ್ಟರಿಗೆ ಬಿಗಿಯಾಗಿ ಒತ್ತಿ ನಿಂತಿದ್ದವು. ಒಂದು ಬ್ಲೇಡ್ ಕೂಡ ತೂರುತ್ತಿರಲಿಲ್ಲ. ಕೊನೆಯ ಹಲಗೆಗಳ ಹಿಂದೆ ಮಾತ್ರ, ಗೋಡೆ ಸ್ವಲ್ಪ ಡೊಂಕಾಗಿದ್ದರಿಂದ, ತಾನೇ ಸಂದಿ ಉಳಿದಿತ್ತು. ಅಲ್ಲಿ ಫೇಸಿಯಾ ಉಬ್ಬಿರಲಿಲ್ಲ.

ಕಾಂಪೋಸಿಟ್ ಅಂದರೆ ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಒತ್ತಿ ತೆಗೆದ ಹಲಗೆ. ಪ್ಲಾಸ್ಟಿಕ್ ಇದೆ ಅಂದ ಮೇಲೆ ಬಿಸಿಗೆ ಹಿಗ್ಗುತ್ತದೆ, ಅದೂ ಮುಖ್ಯವಾಗಿ ಉದ್ದಕ್ಕೆ. ಕಂಪನಿ, ತಳಿ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಅಂದಾಜಿಗೆ ಒಂದು ಮೀಟರ್ ಉದ್ದಕ್ಕೆ 10 ಡಿಗ್ರಿ ಬಿಸಿ ಏರಿದರೆ 0.4 ಮಿ.ಮೀ. ಅಂತ ಇಟ್ಟುಕೊಳ್ಳಬಹುದು. 11 ಅಡಿ ಅಂದರೆ 3.35 ಮೀಟರ್. ಜನವರಿ ಬೆಳಗ್ಗೆ 15 ಡಿಗ್ರಿ ಇದ್ದ ಹಲಗೆ ಏಪ್ರಿಲ್ ಮಧ್ಯಾಹ್ನ ನೇರ ಬಿಸಿಲಿಗೆ 55 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ, ಗಾಢ ಬಣ್ಣವಾದರೆ ಇನ್ನೂ ಜಾಸ್ತಿ. 40 ಡಿಗ್ರಿ ವ್ಯತ್ಯಾಸಕ್ಕೆ 5 ಮಿ.ಮೀ.ಗಿಂತ ಜಾಸ್ತಿ ಹಿಗ್ಗು. ಹಿಂದೆ ಗೋಡೆ. ಹಾಗಾದರೆ ಎಲ್ಲವೂ ಮುಂದಕ್ಕೇ ಬರಬೇಕು, ಅಲ್ವಾ?

ಬೆಂಗಳೂರು ತಂಪು ಊರು, ಇಲ್ಲಿ ಇದೆಲ್ಲ ಆಗಲ್ಲ ಅನ್ನುವವರು ಸಿಗುತ್ತಾರೆ. 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ದಾಖಲಾಗಿದೆ. ಅದು ನೆರಳಿನ ಗಾಳಿಯ ಲೆಕ್ಕ. ಬಿಸಿಲಿನಲ್ಲಿ ಮಲಗಿರುವ ಚಾಕೊಲೇಟ್ ಬಣ್ಣದ ಹಲಗೆಗೆ ಊರಿನ ಹೆಸರು ಗೊತ್ತಿರುವುದಿಲ್ಲ.

ತಳ್ಳಾಟ ಒಂದೇ ಕಾರಣವಲ್ಲ. ಇನ್ನೂ ಎರಡು ಕಂಡವು. ಮುಂದಿನ ಅಂಚಿನ ಕಬ್ಬಿಣದ ಟ್ಯೂಬ್ ನೇರ ಇರಲಿಲ್ಲ. ಎರಡು ತುದಿಗೆ ದಾರ ಕಟ್ಟಿ ನೋಡಿದರೆ ಬೆಸುಗೆಯ ಎಳೆತಕ್ಕೆ ನಡುವೆ 9 ಮಿ.ಮೀ. ಒಳಗೆ ಹೋಗಿತ್ತು. ಎರಡನೆಯದು, ಆ ಟ್ಯೂಬಿನ ಎತ್ತರ 2 ಇಂಚು ಮಾತ್ರ. ಫೇಸಿಯಾ ಎತ್ತರ ಸುಮಾರು 8 ಇಂಚು. ಮೇಲ್ಭಾಗ ಟ್ಯೂಬಿಗೆ ಸ್ಕ್ರೂ, ಕೆಳಭಾಗಕ್ಕೆ ಹಿಂದೆ ಏನೂ ಇಲ್ಲ, ಸಿಲಿಕಾನೇ ಆಧಾರ. ಅದನ್ನು ನಾನು ತೆಗೆಸಿದ ಮೇಲೆ ಪಟ್ಟಿಯ ಕೆಳ ಅಂಚನ್ನು ಬೆರಳಲ್ಲಿ ತಳ್ಳಿದರೆ ಅಲ್ಲಾಡುತ್ತಿತ್ತು.

ಸಂದಿ ಬಿಡುವುದಕ್ಕೆ ಒಪ್ಪಿಸಿದ್ದು

ಈ ಕೆಲಸದಲ್ಲಿ ಕಷ್ಟವಾದದ್ದು ಕಬ್ಬಿಣ, ಬೋರ್ಡು ಯಾವುದೂ ಅಲ್ಲ. ಸಂದಿ ಬಿಡುತ್ತೇನೆ ಅಂದಾಗ ಯಜಮಾನರೂ ಒಪ್ಪಲಿಲ್ಲ, ನನ್ನ ಜೊತೆ ಬಂದ ಬಡಗಿಯೂ ಒಪ್ಪಲಿಲ್ಲ.

ಯಜಮಾನರ ವಾದ ಸರಳ: ದುಡ್ಡು ಕೊಟ್ಟು ಸಂದಿ ಯಾಕೆ ಮಾಡಿಸಿಕೊಳ್ಳಲಿ? ಬಡಗಿಯದ್ದು ಕಸುಬಿನ ವಾದ. ಮೂವತ್ತು ವರ್ಷ ತೇಗ, ಹೊನ್ನೆ, ಮತ್ತಿ ಕೊಯ್ದ ಕೈ. "ಸಾರ್, ಮರ ಅಗಲಕ್ಕೆ ಉಬ್ಬುತ್ತೆ, ಉದ್ದಕ್ಕೆ ಏನೂ ಆಗಲ್ಲ. ಬಾಗಿಲಿಗೆ ಅಗಲದಲ್ಲಿ ಬಿಡ್ತೀವಿ, ಉದ್ದಕ್ಕೆ ಯಾರು ಬಿಡ್ತಾರೆ?" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ, ಮರದ ಮಟ್ಟಿಗೆ. ಮರ ಮಳೆಗಾಲದಲ್ಲಿ ತೇವ ಕುಡಿದು ಅಗಲಕ್ಕೆ ಊದುತ್ತದೆ. ಕಾಂಪೋಸಿಟ್ ಬೇಸಿಗೆಯಲ್ಲಿ ಬಿಸಿಗೆ ಉದ್ದಕ್ಕೆ ಬೆಳೆಯುತ್ತದೆ. ಕಾರಣವೂ ತಿರುಗುಮುರುಗು, ದಿಕ್ಕೂ ತಿರುಗುಮುರುಗು. ನೋಡಲು ಮರದ ಹಾಗೇ ಇರುವುದರಿಂದ ಕೈ ಹಳೇ ಅಭ್ಯಾಸದಲ್ಲೇ ಹೋಗುತ್ತದೆ. ಮೊದಲ ತಂಡದಲ್ಲೂ ಇದೇ ಆಗಿರಬೇಕು ಅನ್ನುವುದು ನನ್ನ ಲೆಕ್ಕ. ಅವರು ಕೆಟ್ಟ ಕೆಲಸಗಾರರಲ್ಲ. 45 ಡಿಗ್ರಿ ಕೊಯ್ತ ನೋಡಿದರೇ ಗೊತ್ತಾಗುತ್ತಿತ್ತು.

ಬಾಯಲ್ಲಿ ಹೇಳಿ ಪ್ರಯೋಜನ ಇರಲಿಲ್ಲ. ಮಿಕ್ಕಿದ್ದ ಒಂದು 9½ ಅಡಿ ಪಟ್ಟಿಯನ್ನು ತಾರಸಿಯ ಟೈಲ್ಸ್ ಮೇಲೆ ಮಲಗಿಸಿ, ಒಂದು ತುದಿಯನ್ನು ಗೋಡೆಗೆ ಮುಟ್ಟಿಸಿ, ಇನ್ನೊಂದು ತುದಿಯಲ್ಲಿ ಸೂರ್ಯ ಬರುವ ಮೊದಲು ಯಜಮಾನರ ಕೈಯಲ್ಲೇ ಪೆನ್ಸಿಲ್ ಗೆರೆ ಹಾಕಿಸಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಒಳ್ಳೇ ಬಿಸಿಲಿತ್ತು. ಪಟ್ಟಿ ಗೆರೆಯನ್ನು 3 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ದಾಟಿತ್ತು. ಆಗಸ್ಟ್ ಬಿಸಿಲಿಗೇ ಇಷ್ಟು. ಬಡಗಿ ಬಗ್ಗಿ ಎರಡು ಸಲ ನೋಡಿದರು, ಗೋಡೆ ಕಡೆಯ ತುದಿ ಜರುಗಿದೆಯಾ ಅಂತ ಹೋಗಿ ಪರೀಕ್ಷೆ ಮಾಡಿದರು. ಆಮೇಲೆ "ಸರಿ ಸಾರ್, ಎಷ್ಟು ಬಿಡಬೇಕು ಹೇಳಿ" ಅಂದರು.

ಬೇರೆ ಕಡೆ ಇಂಥ ಮಾತು ಬಂದರೆ ನಾನು ಈಗ ಲೆಕ್ಕ ಹೇಳುವುದಿಲ್ಲ, ಪಟ್ಟಿ ಮಲಗಿಸುತ್ತೇನೆ.

ಏನು ಮಾಡಿದೆವು

ಮೊದಲ ತೀರ್ಮಾನ: ಫೇಸಿಯಾ ಮತ್ತು ಹಲಗೆ ತುದಿಗಳ ಸಂಬಂಧ ಕಡಿಯುವುದು. ಫೇಸಿಯಾವನ್ನು ಮೇಲ್ಮೈ ಮಟ್ಟದವರೆಗೆ ಎತ್ತುವ ಬದಲು, ಮುಂದಿನ ಅಂಚಿನ ಉದ್ದಕ್ಕೂ ಒಂದು ಅಡ್ಡ ಹಲಗೆ ಹಾಕಿ ಅದರ ಕೆಳಗೆ ಫೇಸಿಯಾ ಇಳಿಸುವುದು. ಟೊಳ್ಳು ತುದಿಗಳು ಅಡ್ಡ ಹಲಗೆಯ ಹಿಂದೆ ಅಡಗುತ್ತವೆ. ಅಡ್ಡ ಹಲಗೆ ಫೇಸಿಯಾಗಿಂತ 20 ಮಿ.ಮೀ. ಮುಂದೆ ಚಾಚುತ್ತದೆ. ಆ ನೆರಳಿನಲ್ಲಿ ಮೇಲಿನ ಸಂದಿ ಕಣ್ಣಿಗೇ ಬೀಳುವುದಿಲ್ಲ. ಇದಕ್ಕೆ ಟೊಳ್ಳು ಹಲಗೆ ಆಗುವುದಿಲ್ಲ, ಫ್ರೇಮಿಗೆ ಹಿಡಿಯುವ ಕ್ಲಿಪ್ ಕೂರಲು ಅಂಚಿನಲ್ಲಿ ಗ್ರೂವ್ (ಉದ್ದದ ತೋಡು) ಇರುವ ಹಲಗೆಯೂ ಆಗುವುದಿಲ್ಲ. ಆ ಗ್ರೂವ್ ಮುಂದಕ್ಕೆ ಕಾಣುತ್ತದೆ. ಗಟ್ಟಿ, ನಯವಾದ ಅಂಚಿನ ಹಲಗೆಯೇ ಬೇಕು. ಅದೇ ಬಣ್ಣದ್ದು ಸಿಗಲು ತಡವಾಯಿತು. ಕಾದೆವು. ಸುಮ್ನೆ ಸಿಕ್ಕಿದ್ದು ಹಾಕಿದ್ದರೆ ಮತ್ತೆ ಅಲ್ಲಿಗೇ ಬರುತ್ತಿದ್ದೆವು.

ಹಲಗೆಗಳನ್ನು ಪ್ಯಾರಾಪಿಟ್‌ನಿಂದ ಬಿಡಿಸಬೇಕಿತ್ತು. ಹಿಂದಿನ ತುದಿ ಕೊಯ್ಯುವುದು ಅಂದರೆ ಗೋಡೆಗೆ ತಾಗುವ ಜಾಗದಲ್ಲಿ ಗರಗಸ ಓಡಿಸುವುದು, ಆಗದ ಕೆಲಸ. ಬಡಗಿ ಒಂದು ಉಪಾಯ ಹೇಳಿದರು. ಹಲಗೆಗಳು ಕ್ಲಿಪ್ಪಿನಲ್ಲಿ ಮಾತ್ರ ಕೂತಿವೆ, ಎಲ್ಲೂ ಸ್ಕ್ರೂ ಇಲ್ಲ. ಹಾಗಾದರೆ ಮುಂದಕ್ಕೆ ಎಳೆದರೆ ಬರುತ್ತವೆ! ಎಲ್ಲವನ್ನೂ ಸುಮಾರು 10 ಮಿ.ಮೀ. ಮುಂದಕ್ಕೆ ಜಾರಿಸಿದೆವು. ಪ್ರತಿ ಸಾಲಿನಲ್ಲೂ ಒಂದು ಉದ್ದ, ಒಂದು ಗಿಡ್ಡ ತುಂಡಿತ್ತು. ಅವುಗಳ ನಡುವೆ 4 ಮಿ.ಮೀ. ಬಿಟ್ಟೆವು. ಆಮೇಲೆ ಪ್ರತಿ ತುಂಡಿಗೂ ನಡುಮಧ್ಯ ಒಂದೇ ಒಂದು ಸ್ಕ್ರೂ. ಆ ಒಂದು ಜಾಗ ಬಿಗಿ, ಎರಡೂ ತುದಿ ಸ್ವತಂತ್ರ. ಈ ಸ್ಕ್ರೂ ಇಲ್ಲದಿದ್ದರೆ ಹಲಗೆಗಳು ಕಾಲ ಕಳೆದಂತೆ ಒಂದೇ ಕಡೆಗೆ ಜರುಗುತ್ತಾ ಹೋಗುತ್ತವೆ.

ನಂತರ ಮುಂಭಾಗದಲ್ಲಿ ದಾರ ಎಳೆದು, ನೇರ ಪಟ್ಟಿ ಕಟ್ಟಿ, ಎಲ್ಲ ತುದಿಗಳನ್ನೂ ಒಂದೇ ಸಲ ಕೊಯ್ದೆವು. ಅಡ್ಡ ಹಲಗೆಗೂ ಕೊಯ್ದ ತುದಿಗಳಿಗೂ ಆಧಾರ ಬೇಕು. ಎರಡು ಹೊಸ ಟ್ಯೂಬ್ ಸೇರಿಸಿದೆವು. ಫ್ಯಾಬ್ರಿಕೇಟರ್ ವೆಲ್ಡಿಂಗ್ ಯಂತ್ರ ಹೊತ್ತುಕೊಂಡೇ ಬಂದಿದ್ದ. ಕಾಂಪೋಸಿಟ್ ಪಕ್ಕದಲ್ಲಿ ಕಿಡಿ ಬಿದ್ದರೆ ಹಲಗೆ ಸುಟ್ಟು ಗುಳಿ ಬೀಳುತ್ತದೆ, ಮೇಲಾಗಿ ಹೊಸ ಬೆಸುಗೆ ಮತ್ತೆ ಟ್ಯೂಬನ್ನು ಎಳೆಯುತ್ತದೆ. ಎಲ್ ಆ್ಯಂಗಲ್ ತುಂಡು ಇಟ್ಟು ಬೋಲ್ಟ್ ಮಾಡಿಸಿದೆ. ಹಲಗೆ ತುದಿ ಮತ್ತು ಅಡ್ಡ ಹಲಗೆ ನಡುವೆ 5 ಮಿ.ಮೀ. ಸಂದಿ.

ಇನ್ನು ಫೇಸಿಯಾ ಹಿಂದಿನ ಆಧಾರ. ಪ್ರತಿ 400 ಮಿ.ಮೀ.ಗೆ ಒಂದರಂತೆ 1 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಟ್ಯೂಬ್ ತುಂಡುಗಳನ್ನು ಅಂಚಿನ ಟ್ಯೂಬಿನಿಂದ ಕೆಳಕ್ಕೆ ಇಳಿಬಿಟ್ಟೆವು. ಟೈಲ್ಸಿಗೆ ಮುಟ್ಟಿಸಲಿಲ್ಲ. ತಾರಸಿಯಲ್ಲಿ ಹೊಸದಾಗಿ ಒಂದು ತೂತೂ ಕೊರೆಯಬಾರದು ಅನ್ನುವುದು ಮೊದಲೇ ಮಾಡಿಕೊಂಡ ಕಟ್ಟು. ದಾರವನ್ನು ಎರಡು ತುದಿಗೆ ಕಟ್ಟಿ ಪ್ರತಿ ತುಂಡಿಗೂ ಎಷ್ಟು ಕಡಿಮೆ ಅಂತ ಅಳೆದು, ಅಷ್ಟು ಪ್ಯಾಕಿಂಗ್ ಕೊಟ್ಟೆವು. ಅಲ್ಯೂಮಿನಿಯಂ ಕಿಟಕಿಯವರು ಗಾಜಿನ ಕೆಳಗೆ ಇಡುವ ಪ್ಲಾಸ್ಟಿಕ್ ಚೂರುಗಳೇ ಸಾಕು. ನಡುವೆ 9 ಮಿ.ಮೀ., ಬದಿಗೆ ಬಂದಂತೆ 6, 3, ಕೊನೆಗೆ ಸೊನ್ನೆ. ಇಲ್ಲಿ ಮರದ ಚಕ್ಕೆ ಇಡಬಾರದು, ಒಂದೆರಡು ಮಳೆಗಾಲಕ್ಕೆ ಕೊಳೆಯುತ್ತದೆ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಅಂದ ಬಂದದ್ದು ಈ ಹಂತದಲ್ಲಿ. ತೆಳು ಪಟ್ಟಿ ಹಿಂದಿನ ಡೊಂಕನ್ನೆಲ್ಲ ಮುಂದೆ ತೋರಿಸಿಬಿಡುತ್ತದೆ. ಹಿಂದೆ ನೇರ ಮಾಡದೆ ಮುಂದೆ ಎಷ್ಟು ಒತ್ತಿ ಹಿಡಿದರೂ ಅಷ್ಟೇ.

ಪಟ್ಟಿಯ ಕೆಳ ಅಂಚಿನದು ಇನ್ನೊಂದು ಪ್ರಶ್ನೆ. ಡೆಕ್ ರಸಮಟ್ಟದಲ್ಲಿದೆ, ತಾರಸಿ ಇಳಿಜಾರಿನಲ್ಲಿದೆ. ಎಡ ತುದಿಯಲ್ಲಿ ಡೆಕ್‌ನ ಎತ್ತರ 7½ ಇಂಚು, ಬಲ ತುದಿಯಲ್ಲಿ 9¼. ಒಂದೇ ಎತ್ತರದ ಪಟ್ಟಿ ಹಾಕಿದರೆ ಕೆಳಗೆ ಸಂದಿ ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ. ದೂರದಿಂದ ಡೆಕ್ಕೇ ವಾಲಿದ ಹಾಗೆ ಕಾಣುತ್ತದೆ. ಹಾಗಾಗಿ ಮೇಲಂಚು ಡೆಕ್‌ಗೆ ಸಮ, ಕೆಳಂಚು ಟೈಲ್ಸ್‌ಗೆ ಸಮ. ಪಟ್ಟಿಯನ್ನು ಜಾಗದಲ್ಲಿ ಹಿಡಿದು, 12 ಮಿ.ಮೀ. ದಪ್ಪದ ಚೂರೊಂದನ್ನು ಟೈಲ್ಸ್ ಮೇಲೆ ಜಾರಿಸುತ್ತಾ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೊಯ್ದೆವು. ಎಡಕ್ಕೆ 6 ಇಂಚು ಉಳಿಯಿತು, ಬಲಕ್ಕೆ ಹತ್ತಿರ ಹತ್ತಿರ 8. ಕೆಳಗೆ ಉದ್ದಕ್ಕೂ ಅರ್ಧ ಇಂಚಿನ ಸಮ ಸಂದಿ. ನೀರೂ ಹೋಗುತ್ತದೆ, ಗಾಳಿಯೂ ಆಡುತ್ತದೆ, ಹೆಗ್ಗಣ ನುಗ್ಗುವುದಿಲ್ಲ.

ಸ್ಕ್ರೂ ವಿಷಯದಲ್ಲಿ ಸ್ವಲ್ಪ ವಿವರ ಬೇಕು, ಯಾಕೆಂದರೆ ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಪಟ್ಟಿಯಲ್ಲಿ ತೂತು 10 ಮಿ.ಮೀ., ಸ್ಕ್ರೂ ದಪ್ಪ 5 ಮಿ.ಮೀ., ತಲೆ ಅಗಲದ್ದು. ತೂತಿನ ಒಳಗೆ ಸ್ಕ್ರೂ ಸುತ್ತ ಜಾಗ ಇರುವುದರಿಂದ ಪಟ್ಟಿ ಆಚೀಚೆ ಸರಿಯಬಹುದು. ಪ್ರತಿ ಆಧಾರಕ್ಕೂ ಮೇಲೊಂದು, ಕೆಳಗೊಂದು. ಪಟ್ಟಿಯ ನಡುವಿನ ಆಧಾರದಲ್ಲಿ ಮಾತ್ರ ತೂತು ಸ್ಕ್ರೂವಿನಷ್ಟೇ, ಅಲ್ಲಿ ಬಿಗಿ. ಉಳಿದ ಕಡೆ ಸ್ಕ್ರೂ ಪೂರ್ತಿ ಕೂರಿಸಿ ಕಾಲು ಸುತ್ತು ಹಿಂದಕ್ಕೆ. ಹಿಂದೆ ಗಮ್ ಹಾಕಲಿಲ್ಲ. ಪಟ್ಟಿ ಜರುಗಲಿ ಅಂತ ತೂತು ದೊಡ್ಡದು ಮಾಡಿ, ಹಿಂದೆ ಗಮ್ ಹಚ್ಚಿ ಹಿಡಿದರೆ ಏನು ಬಂತು? ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂವೇ ಬಳಸಿದೆವು. ಸಾಮಾನ್ಯ ಸ್ಟೇನ್‌ಲೆಸ್ ಸ್ಕ್ರೂಗಳ ಮೂತಿ ಕಬ್ಬಿಣ ಕೊರೆಯುವಷ್ಟು ಗಟ್ಟಿ ಇರುವುದಿಲ್ಲ. ಹಾಗಾಗಿ ಟ್ಯೂಬಿನಲ್ಲಿ ಮೊದಲೇ ಡ್ರಿಲ್ ಮಾಡಿ ಆಮೇಲೆ ಸ್ಕ್ರೂ. ಡ್ರಿಲ್ಲಿನ ಕಬ್ಬಿಣದ ಪುಡಿಯನ್ನು ಆಗಾಗಲೇ ಬ್ರಷ್ ಹಾಕಿ ತೆಗೆಯಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ತುಕ್ಕಿನ ಚುಕ್ಕೆ.

16 ಅಡಿಗೆ 8 ಅಡಿಯ ಎರಡು ಪಟ್ಟಿ, ನಡುವೆ 4 ಮಿ.ಮೀ. ಸಂದಿ. ಸಂದಿಯ ಹಿಂದೆ ಅದೇ ಬೋರ್ಡಿನ ಒಂದು ತುಂಡು ನಿಲ್ಲಿಸಿದೆವು, ಒಳಗಿನ ಕಬ್ಬಿಣ ಇಣುಕಬಾರದಲ್ಲ. ಅಂಚುಗಳನ್ನು ಮರಳು ಕಾಗದದಲ್ಲಿ ತುಸು ಒರಸಿದೆವು, ಬೇಕೆಂದೇ ಬಿಟ್ಟ ಗೆರೆಯ ಹಾಗೆ ಕಾಣುತ್ತದೆ. ಇದನ್ನು ನೋಡಿ ಮನೆಯಮ್ಮ, "ಹೇಗೂ ಅಲ್ಲಿ ತುಳಸಿ ಪಾಟ್ ಇಡ್ತೀನಿ ಬಿಡಿ, ಯಾರಿಗೂ ಕಾಣಲ್ಲ" ಅಂದರು. ಯಜಮಾನರು ಕೇಳಿಸದವರ ಹಾಗೆ ಇದ್ದರು.

ಮೂಲೆಯಲ್ಲಿ ಬಡಗಿಗೂ ನನಗೂ ಮತ್ತೆ ಸ್ವಲ್ಪ ಜಗ್ಗಾಟ. 45 ಡಿಗ್ರಿ ಕೂಡಿಸದ ಮೂಲೆ ಅವರ ಕಣ್ಣಿಗೆ ಅರ್ಧ ಕೆಲಸ. ಆದರೆ ಎರಡು ಕಡೆಯಿಂದ ಎರಡು ಪಟ್ಟಿ ಬೆಳೆದು ಕುಗ್ಗುವ ಜಾಗದಲ್ಲಿ 45 ಡಿಗ್ರಿ ಉಳಿಯುವುದಿಲ್ಲ. ಕಂದು ಪೌಡರ್ ಕೋಟಿಂಗ್ ಮಾಡಿದ 25 ಮಿ.ಮೀ. ಅಲ್ಯೂಮಿನಿಯಂ ಎಲ್ ಪಟ್ಟಿಯನ್ನು ಫ್ರೇಮಿಗೆ ಮಾತ್ರ ಸ್ಕ್ರೂ ಮಾಡಿ, ಎರಡೂ ಫೇಸಿಯಾ ತುದಿಗಳನ್ನು ಅದರ ಹಿಂದೆ ಸಡಿಲವಾಗಿ ಬಿಟ್ಟೆವು. ಬಲಗಡೆಯ 11 ಅಡಿಯದ್ದೂ ಇದೇ ಪದ್ಧತಿ. ಒಂದೇ ವ್ಯತ್ಯಾಸ: ಪೈಪಿನ ಬಾಯಿ ಹತ್ತಿರದ ಕೊನೆಯ 2 ಅಡಿಯನ್ನು ಬೇರೆ ತುಂಡಾಗಿ ಮಾಡಿ, ಕೈಯಲ್ಲೇ ತಿರುಗಿಸಿ ಬಿಚ್ಚುವ ಸ್ಕ್ರೂ ಕೊಟ್ಟೆವು. ಪಕ್ಕದ ಮನೆಯ ಹೊಂಗೆ ಮರದ ಎಲೆಯೆಲ್ಲ ಇದೇ ತಾರಸಿಗೆ. ಪೈಪ್ ಕಟ್ಟಿದರೆ ಇಡೀ ಡೆಕ್ ಬಿಚ್ಚುವ ಹಾಗಿರಬಾರದು.

ಆಮೇಲೆ

ಮುಂದಿನ ಜನವರಿ ಬೆಳಗ್ಗೆ ನಡುವಿನ ಸಂದಿ 5 ಮಿ.ಮೀ. ಹತ್ತಿರ ತೆರೆದಿತ್ತು. ಏಪ್ರಿಲ್ ಮಧ್ಯಾಹ್ನ ಯಜಮಾನರೇ ಫೋಟೋ ತೆಗೆದು ಕಳಿಸಿದರು, ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ತೋರಿಸಿದ್ದರು. ಅಷ್ಟೇ ಜಾಗ ಉಳಿದಿತ್ತು, ಆದರೂ ಮುಟ್ಟಿರಲಿಲ್ಲ. ಪಟ್ಟಿ ನೇರ ಇತ್ತು. ಮೊದಲ ಬೇಸಿಗೆಯಲ್ಲಿ ಹೊಟ್ಟೆ ಬಂದ ಜಾಗದಲ್ಲಿ ದಾರ ಹಿಡಿದರೆ ದಾರ ಮುಟ್ಟಿಕೊಂಡೇ ಹೋಗುತ್ತಿತ್ತು. ಸೀಲಿಂಗ್‌ಗೆ ಕೂಡಲೇ ಬಣ್ಣ ಹೊಡೆಸಬೇಡಿ, ಅಕ್ಟೋಬರ್ ಮಳೆ ಪೂರ್ತಿ ಮುಗಿಯಲಿ ಅಂದಿದ್ದೆ. ಕಲೆ ಬೆಳೆಯಲಿಲ್ಲ. ದೀಪಾವಳಿ ಆದ ಮೇಲೆ ಬಣ್ಣವಾಯಿತು.

ಎಲ್ಲವೂ ಚೊಕ್ಕವಾಯಿತು ಅಂತಲ್ಲ. ಹೊಸ ಅಡ್ಡ ಹಲಗೆ, ಹೊಸ ಫೇಸಿಯಾ ಮೊದಲಿಗೆ ಹಳೇ ಹಲಗೆಗಿಂತ ಗಾಢವಾಗಿ ಎದ್ದು ಕಂಡವು. ಕಾಂಪೋಸಿಟ್ ಮೊದಲ ಕೆಲವು ತಿಂಗಳ ಬಿಸಿಲು, ಮಳೆಗೆ ಒಂದು ಸುತ್ತು ಮಾಸಿ ಆಮೇಲೆ ನಿಲ್ಲುತ್ತದೆ. ಈಗ ಬಹುಪಾಲು ಹೊಂದಿದೆ. ಸ್ಕ್ರೂ ತಲೆಗೆ ಬಣ್ಣ ಕೊಟ್ಟರೂ ಹತ್ತಿರದಿಂದ ಕಾಣುತ್ತವೆ. ಅಡ್ಡ ಹಲಗೆಯ ಕೆಳಗೆ ಧೂಳಿನ ಗೆರೆ ಇಳಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅಲ್ಯೂಮಿನಿಯಂ ಮೂಲೆ ಯಜಮಾನರಿಗೆ ಈಗಲೂ ಇಷ್ಟವಿಲ್ಲ. ಜನವರಿಯ ಆ ಹಳೇ ಫೋಟೋದಷ್ಟು ನುಣುಪಾಗಿ ಇದು ಯಾವತ್ತೂ ಕಾಣಲಿಲ್ಲ, ನಾನೂ ಹಾಗೆ ಮಾತು ಕೊಟ್ಟಿರಲಿಲ್ಲ.

ಕೊಟೇಶನ್ ಕಾಗದದಲ್ಲಿ ಕಂಡದ್ದು

ಕೆಲಸ ಮುಗಿದ ಮೇಲೆ ಯಜಮಾನರು ಮೊದಲ ಕೊಟೇಶನ್ ತೋರಿಸಿದರು. ಫ್ರೇಮ್ ಫ್ಯಾಬ್ರಿಕೇಟರ್‌ಗೆ, ತೂಕದ ಲೆಕ್ಕ. ಹಲಗೆ ಡೆಕ್ ತಂಡಕ್ಕೆ, ಚದರಡಿ ಲೆಕ್ಕ. ಫೇಸಿಯಾ ಕೊನೆಯ ಸಾಲಿನಲ್ಲಿ, ರನ್ನಿಂಗ್ ಫೀಟ್ (ಉದ್ದದ ಅಡಿ) ಲೆಕ್ಕ, "ಎಕ್ಸ್‌ಟ್ರಾ" ಅಂತ ಬರೆದಿತ್ತು. ಅದಕ್ಕೆ ಆಧಾರ ಯಾರು ಕೊಡಬೇಕು, ಅಂಚಿನ ಟ್ಯೂಬ್ ಎಷ್ಟು ನೇರ ಇರಬೇಕು, ಹಲಗೆ ತುದಿ ಎಲ್ಲಿ ನಿಲ್ಲಬೇಕು ಅನ್ನುವುದು ಯಾರ ಪಾಲಿಗೂ ಬಂದಿರಲಿಲ್ಲ. ಫ್ಯಾಬ್ರಿಕೇಟರ್ ತನ್ನ ಮಟ್ಟಿಗೆ ಸರಿ, ಡೆಕ್ ತಂಡ ತನ್ನ ಮಟ್ಟಿಗೆ ಸರಿ. ಕೊನೆಯ ದಿನ ಸೈಟಿನಲ್ಲಿ ಯಾರು ಉಳಿದರೋ ಅವರು ಮಿಕ್ಕಿದ ಬೋರ್ಡಿನಲ್ಲಿ ಫೇಸಿಯಾ ಅಂಟಿಸಿ ಹೋಗಿದ್ದರು. ಈ ರಿಪೇರಿಯಲ್ಲಿ ಹೊಸ ಬೋರ್ಡಿನ ಬೆಲೆಗಿಂತ ಬಿಚ್ಚಿ, ಕೊಯ್ದು, ಆಧಾರ ಕಟ್ಟಿದ ಕೂಲಿಯೇ ಜಾಸ್ತಿಯಾಯಿತು. ಅದೇ ಆಧಾರದ ಟ್ಯೂಬುಗಳನ್ನು ಫ್ರೇಮ್ ಕಟ್ಟುವಾಗಲೇ ಹಾಕಿದ್ದರೆ ಅರ್ಧ ದಿನದ ಕೆಲಸ.

ಈಗ ನಾನು ಡೆಕ್ ಕೊಟೇಶನ್ ನೋಡುವಾಗ ಫೇಸಿಯಾ ಸಾಲನ್ನು ಮೇಲಕ್ಕೆ ತರಿಸಿ ಫ್ರೇಮಿನ ಜೊತೆ ಸೇರಿಸುತ್ತೇನೆ. ಅಂಚಿನ ಟ್ಯೂಬ್ ದಾರದಿಂದ 3 ಮಿ.ಮೀ.ಗಿಂತ ಜಾಸ್ತಿ ಡೊಂಕಿರಬಾರದು, 400 ಮಿ.ಮೀ.ಗೆ ಒಂದು ಇಳಿ ಆಧಾರ, ಗೋಡೆ ಕಡೆ 10 ಮಿ.ಮೀ. ಸಂದಿ, ಟೈಲ್ಸ್‌ನಿಂದ 12 ಮಿ.ಮೀ. ಸಂದಿ, ಪೈಪ್ ಬಾಯಿ ಹತ್ತಿರ ಬಿಚ್ಚುವ ತುಂಡು ಅಂತ ಬರೆಸುತ್ತೇನೆ. ಫ್ಯಾಬ್ರಿಕೇಟರ್‌ಗಳು ಇದಕ್ಕೆ ರೇಟು ಸ್ವಲ್ಪ ಏರಿಸುತ್ತಾರೆ. ಏರಿಸಲಿ. ಹಲಗೆ ಕೂರಿಸುವ ಮೊದಲು ಫ್ರೇಮಿಗೆ ದಾರ ಕಟ್ಟಿ ಮನೆಯವರ ಎದುರೇ ಅಳೆಯುತ್ತೇವೆ, ಆಮೇಲೆಯೇ ಫ್ಯಾಬ್ರಿಕೇಟರ್‌ಗೆ ಮೊದಲ ಕಂತಿನ ದುಡ್ಡು.